ಬಿಸಿಲು ಕಂಡ ಎರಡು ಬಾಟಲಿ

ಅಟ್ಟೂರಿನ ನಮ್ಮ ಮೂರಂತಸ್ತಿನ ಕಟ್ಟಡದ ಹಿಂದೆ ಕೆಡವದೆ ಉಳಿಸಿಕೊಂಡಿರುವ ಹಳೇ ರಾಗಿ ಕೋಣೆಯ ಹೆಂಚಿನ ಸಂದಿಯಿಂದ, ಮಧ್ಯಾಹ್ನ ಮೂರರ ಹೊತ್ತಿಗೆ, ರೊಟ್ಟಿಯಷ್ಟಗಲದ ಬಿಸಿಲೊಂದು ನೆಲಕ್ಕೆ ಬೀಳುತ್ತದೆ. ಬಿದ್ದು ಸುಮ್ಮನಿರುವುದಿಲ್ಲ; ಮೆಲ್ಲಗೆ ಪೂರ್ವದ ಗೋಡೆಯತ್ತ ತೆವಳುತ್ತದೆ. ಎಪ್ಪತ್ತು ದಾಟಿದ ಹೆಂಗಸೊಬ್ಬಳು ಅದರೆದುರು ಮಣೆ ಹಾಕಿಕೊಂಡು ಕಾವಲು ಕೂತಿರುವುದನ್ನು ಕಂಡರೆ ನೀವು ನಗುತ್ತೀರಿ. ನಗಿ, ಬೇಜಾರಿಲ್ಲ. ಆ ಗೋಡೆಯ ಬುಡದಲ್ಲಿ, ಹುಲ್ಲಿನ ಹಾಸಿನ ಮೇಲೆ, ನನ್ನ ಮೊಮ್ಮಗಳ ವೈನು ಮಲಗಿದೆ.

ರಕ್ಷಿತಾ ನನ್ನ ಹಿರಿಮಗನ ಮಗಳು. ವೈನು ಮಾಡುವುದನ್ನೇ ಓದಿದವಳು. ಅಂಥದ್ದೊಂದು ಓದೂ ಉಂಟೆಂದು ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟ ನನಗೆ ಹೇಗೆ ತಿಳಿಯಬೇಕು? ಆದರೆ ದ್ರಾಕ್ಷಿ ನನಗೆ ಹೊಸದಲ್ಲ. ಈಗ ಬಾಡಿಗೆಯವರ ಕಾರು ನಿಲ್ಲುವ ಜಾಗದಲ್ಲೇ ನಮ್ಮ ಯಜಮಾನರ ದ್ರಾಕ್ಷಿ ಚಪ್ಪರವಿತ್ತು. ಹೋದ ವರ್ಷ ಯುಗಾದಿಗೆ ಬಂದವಳು ಆರು ಬಾಟಲಿ ತಂದಳು. ಸೆಮಿಯಾನ್ ಎಂಬ ಬಿಳಿ ದ್ರಾಕ್ಷಿಯದು, ಅವಳು ಕೈಯಾರೆ ಮಾಡಿದ ಮೊದಲ ವೈನು. ಮಿಕ್ಕಿದ್ದೆಲ್ಲ ಮಾರಾಟಕ್ಕೆ ಹೋಗಿ ಉಳಿದದ್ದು ಅಷ್ಟೇ. ರುಚಿಗೆಂದು ಬೇರೆ ತಂದಿದ್ದ ಅರ್ಧ ಬಾಟಲಿಯಿಂದ ಲೋಟಕ್ಕೆ ಒಂದು ಗುಟುಕು ಸುರಿದಳು. ಬೆರಳದ್ದಿ ನೆಕ್ಕಿದೆ. ಸಿಹಿಯ ಸುಳಿವೇ ಇಲ್ಲ. ಎಳೆ ನಿಂಬೆಕಾಯಿ ಕಚ್ಚಿದ ಹಾಗೆ, ಆಗಷ್ಟೇ ಕೊಯ್ದ ಹುಲ್ಲು ಮೂಸಿದ ಹಾಗೆ.

"ಇನ್ನೂ ಕಾಯಿ ಕಣವ್ವ ಇದು," ಅಂದೆ.

"ಹೌದಜ್ಜಿ, ಈಗ ಬರೀ ನಿಂಬೆಹುಳಿ. ಹತ್ತು ವರ್ಷ ಇಟ್ರೆ ಜೇನುತುಪ್ಪದ ಥರ ಆಗುತ್ತೆ. ಈ ಮಣ್ಗೋಡೆ ಕೋಣೆಗಿಂತ ತಣ್ಗಿರೋ ಜಾಗ ನಂಗೆಲ್ಲೂ ಸಿಗಲ್ಲ. ನೀನೇ ನೋಡ್ಕೋಬೇಕು."

ನಾನೇ ನೋಡಿಕೊಳ್ಳಬೇಕಂತೆ! ಆ ಸಂಭ್ರಮವನ್ನು ಎದೆಯೊಳಗೆ ಹಿಡಿದಿಡಲಾರದೆ ಬೀದಿಯ ಕೊನೆಯ ಹೂವಿನವಳವರೆಗೂ ಹೇಳಿಕೊಂಡು ಬಂದೆ. ಸಂಭ್ರಮ ಉಕ್ಕಿದಾಗ ವಿವೇಕ ಕೊಂಚ ತಳಕ್ಕಿಳಿಯುತ್ತದೋ ಏನೋ. ನಿಂಬೆಯ ಹುಳಿಗೆ ಹದ ತರಿಸುವ ವಿದ್ಯೆ ನನಗೆ ಗೊತ್ತಿಲ್ಲವೇ? ಐವತ್ತು ವರ್ಷ ಉಪ್ಪಿನಕಾಯಿ ಜಾಡಿಗಳನ್ನು ಬಿಸಿಲಿಗಿಟ್ಟವಳು ನಾನು. ಹತ್ತು ವರ್ಷ ಯಾಕೆ, ಮೂರು ವಾರ ಸಾಕು ಎಂದುಕೊಂಡು ಎರಡು ಬಾಟಲಿಗಳ ಮೂತಿಗೆ ಬಿಳಿಬಟ್ಟೆ ಕಟ್ಟಿ ತಾರಸಿಗೆ ಹೊತ್ತೆ. ಆರನ್ನೂ ಹೊರುತ್ತಿದ್ದೆ, ಮೊಣಕಾಲು ಒಪ್ಪಲಿಲ್ಲ.

ಅವನ್ನು ಕೆಳಗಿಳಿಸಿ ಸಾಲಿನ ಕೊನೆಗೆ ಮಲಗಿಸಿದ ಸಂಜೆಯೇ ಅವಳ ಫೋನು ಬಂತು. "ಅಜ್ಜಿ, ಒಂಚೂರು ಬಿಸ್ಲು ಬಿದ್ರೂ ಕೆಟ್ಟೋಗುತ್ತೆ, ಆ ಹೆಂಚು ಸರಿ ಮಾಡ್ಸು."

"ಊಂ," ಅಂದೆ. ಬಿಸಿಲಿಗಿಟ್ಟ ಸಂಗತಿಯನ್ನು ಮಾತ್ರ ವರ್ಷವಿಡೀ ಹೇಳಲಿಲ್ಲ.

ಅಂದಿನಿಂದ ಭಯ ನನ್ನೊಡನೆ ವಾಸಕ್ಕೆ ಬಂತು. ಯಲಹಂಕದ ವಾಯುನೆಲೆಯ ವಿಮಾನ ನೆತ್ತಿಯ ಮೇಲೆ ಗುಡುಗಿದರೆ ಓಡಿಹೋಗಿ ಬಾಟಲಿಗಳನ್ನು ಅಪ್ಪಿ ಹಿಡಿಯುತ್ತಿದ್ದೆ. ಹೆಂಚಿನವನು ನಾಳೆ ಬರ್ತೀನಿ ಅಂದವನು ಇಂದಿಗೂ ಬಂದಿಲ್ಲ. ಸಂದಿಗೆ ಗೋಣಿ ತುರುಕಿದರೆ ಅಳಿಲು ತನ್ನ ಗೂಡಿಗೆ ಎಳೆದೊಯ್ಯುತ್ತದೆ. ಕೆಟ್ಟದ್ದು ಎರಡೋ, ಆರೂನೋ? ಮುಚ್ಚಿದ ಬಾಟಲಿಯನ್ನು ಕೇಳುವುದು ಹೇಗೆ? ಬೈದಾಳೆಂಬ ಹೆದರಿಕೆಯಲ್ಲ. ಇನ್ನು ಮೇಲೆ ಏನನ್ನೂ ನನ್ನ ಕೈಗೆ ಕೊಡದೆ ಹೋದಾಳು ಎಂಬ ಹೆದರಿಕೆ.

ಈ ಯುಗಾದಿಗೆ, ಒಂದು ತೆಗೆದು ನೋಡುವೆನೆಂದು ಬಂದಳು. ಅವಳ ಕೈ ಸಾಲಿನತ್ತ ಹೋದಾಗ ನನಗೆ ತಡೆಯಲಾಗಲಿಲ್ಲ.

"ತಡಿ ಮಗ. ಕೊನೇವೆರಡು ನಾನು ಕೆಡಿಸಿವ್ನಿ. ಉಪ್ಪಿನಕಾಯಿ ಇಕ್ದಂಗೆ ಬಿಸ್ಲಿಗಿಕ್ಬುಟ್ಟೆ. ಆರೂ ಹೊರಾಕೆ ಮೊಣ್ಕಾಲು ಒಪ್ನಿಲ್ಲ."

ಅವಳು ಬಿಸಿಲುಂಡದ್ದನ್ನೇ ಮೊದಲು ತೆರೆದಳು. ಬಣ್ಣ ತೆಳು ಟೀಯಂತೆ. ವಾಸನೆ ಬೆಂದ ಎಲೆಕೋಸಿನದು. ಆಮೇಲೆ ನೆರಳಲ್ಲೇ ಉಳಿದದ್ದೊಂದನ್ನು ತೆರೆದು, ಮೂಸಿ, ಬಾಯಲ್ಲಿ ಹೊರಳಿಸಿದಳು.

"ನಿಂಬೆ ಹಂಗೇ ಇದೆ ಅಜ್ಜಿ. ಹೋದ್ವರ್ಷ ಕಚ್ತಿತ್ತು, ಈಗ ಕಚ್ತಿಲ್ಲ. ಇದನ್ನ ಚೆನ್ನಾಗಿ ಕಾಯ್ಕೊಂಡಿದೀಯ."

"ಬೈಯಾಕಿಲ್ವಾ?"

"ಬೈತೀನಿ. ಎರಡು ಹೋಯ್ತಲ್ಲಾಂತ ಮನೆಗೋಗಿ ಅಳ್ತೀನಿ. ಆರೂ ಹೋಗ್ಲಿಲ್ವಲ್ಲ, ನಿನ್ನ ಮೊಣಕಾಲಿಗೊಂದು ನಮಸ್ಕಾರ."

ಚೆನ್ನಾಗಿರುವ ಮೂರನ್ನು ತಿರುಗಿ ಹುಲ್ಲಿನ ಮೇಲೆ ಮಲಗಿಸಿದಳು. ಅವುಗಳಲ್ಲಿ ಕಡೆಯದನ್ನು ಹತ್ತು ವರ್ಷ ತುಂಬಿದಾಗ ನಾವಿಬ್ಬರೇ ಕೂತು ತೆರೆಯಬೇಕಂತೆ. "ನೀನಿರ್ಬೇಕು, ಅಷ್ಟೇ," ಅಂದು ಸ್ಕೂಟರ್ ಹತ್ತಿ ಹೋದಳು.

ಈಗ ನನ್ನ ಹೆದರಿಕೆಯೇ ಬೇರೆ. ವೈನು ಹತ್ತು ವರ್ಷ ತಾಳುತ್ತದೆಂದು ಅವಳು ಬಲ್ಲಳು. ನನ್ನ ವಿಷಯ ಯಾರು ಬಲ್ಲರು? ಮೂರು ಗಂಟೆಯಾಯಿತು. ರೊಟ್ಟಿಯಗಲದ ಬಿಸಿಲು ಹೊರಟಿದೆ. ಮಣೆಯನ್ನು ಮುಂದಕ್ಕೆಳೆದು ಅದರ ದಾರಿಗಡ್ಡ ಕಾಲು ಚಾಚುತ್ತೇನೆ. ಬಿಸಿಲು ಮೊಣಕಾಲಿನ ಮೇಲೆ ಹತ್ತಿ ಬೆಚ್ಚಗೆ ಕೂರುತ್ತದೆ. ಕೂರಲಿ. ಮೊಣಕಾಲಿಗೂ ಒಂದಿಷ್ಟು ಹದ ಬರಲಿ. ಈ ಕೋಣೆಯವರೆಗೆ ಅದು ಇನ್ನೂ ಬಹಳ ವರ್ಷ ನಡೆಯಬೇಕು.