ಎತ್ತಿದ ಕಾಲಿನ ಕುದುರೆ

ಅವತ್ತು ರೈಲು ಬೇಗ ಬಂದುಬಿಟ್ಟಿತು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಕೇಳಿದವರಿಗೆಲ್ಲ ಹೀಗೇ ಹೇಳಿ, ಮೇಲೆ ಅಕ್ಕನ ಹಣೆಬರಹವನ್ನೂ ಒಂದು ಹಿಡಿ ಉದುರಿಸುತ್ತಾರೆ. ನಾನು ಒಪ್ಪುವುದಿಲ್ಲ. ಕೊಪ್ಪಳದ ಸ್ಟೇಷನ್ನಿಗೆ ಹೊತ್ತಿಗೆ ಮುಂಚೆ ಬಂದ ರೈಲನ್ನು ಯಾರಾದರೂ ಕಂಡಿದ್ದರೆ ನನ್ನೆದುರು ಬಂದು ಹೇಳಲಿ. ರೈಲು ತನ್ನ ಹೊತ್ತಿಗೇ ಬಂತು. ಹೊತ್ತಿಗೆ ಬಾರದವರು ನಾವು.

ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಕಿನ್ನಾಳದ ತವರಿಗೆ ಮರಳಿದ್ದ ಅಕ್ಕನಿಗೆ ಹುಬ್ಬಳ್ಳಿಯಲ್ಲಿ ಶಿಕ್ಷಕಿಯರ ತರಬೇತಿಗೆ ಜಾಗ ಸಿಕ್ಕಿತ್ತು. ಆ ರೈಲಿನ ಮರುದಿನ ಬೆಳಿಗ್ಗೆ ಖುದ್ದು ಹಾಜರಾಗದಿದ್ದರೆ ಆ ಜಾಗ ಬೇರೆಯವಳಿಗೆ. ಅಪ್ಪ ಇಲ್ಲದ ಮನೆಯಲ್ಲಿ ಅಪ್ಪಣೆ ಕೊಡಬೇಕಾದವನು ಅಪ್ಪನ ತಮ್ಮ, ನಮ್ಮ ಕಾಕಾ. ಮರದ ಗೊಂಬೆಗಳಿಗೆ ಬಣ್ಣ ಹಚ್ಚುವವನು, ಊರ ಬಾಯಲ್ಲಿ ಭಾರೀ ಚುರುಕು ಮನುಷ್ಯ. ಆ ಚುರುಕನ್ನು ನಾನು ಹೈದರಾಬಾದಿನ ಕಾಲೇಜಿನಿಂದ ರಜೆಗೆ ಬಂದ ದಿನದಿಂದ ನೋಡಿದ್ದೆ. ಬೆಳಿಗ್ಗೆ "ಹೋಗವಾ, ಕಲಿ" ಎನ್ನುವುದು. ಊಟದ ಹೊತ್ತಿಗೆ "ಮಂದಿ ಏನಂದಾರು?" ಸಂಜೆ ಮತ್ತೆ "ಹೋಗು". ಅಕ್ಕ ಟ್ರಂಕಿಗೆ ಸೀರೆ ತುಂಬುವುದು, ತೆಗೆಯುವುದು, ತುಂಬುವುದು. ಕಡೆಯ "ಹೋಗು" ಬಂದದ್ದು ರೈಲಿನ ದಿನವೇ.

"ಎತ್ತಿನ ಗಾಡಿ ಕಟ್ಟೋಣ, ಈಗ ಹೊಂಟ್ರ ಮುಟ್ತೀವಿ" ಎಂದೆ.

"ಎತ್ತಿನ ಗಾಡಿ ಹೆಣಾ ಒಯ್ಯಾಕ" ಎಂದ ಕಾಕಾ. ಊರಬಾಗಿಲ ಅಗಸಿಯ ಹತ್ತಿರ ನಿಂತಿದ್ದ ಟಾಂಗಾದ ಬಿಳಿ ಕುದುರೆಯನ್ನು ತೋರಿಸಿದ. "ನೋಡ ಅದರ ನಿಲವ. ಒಂದ ಕಡೆ ನಿಲ್ಲವಲ್ದು. ಹಾರಾಕ ನಿಂತೈತಿ."

ಅದು ಮುಂಗಾಲು ಎತ್ತುತ್ತಿತ್ತು, ಇಳಿಸುತ್ತಿತ್ತು. ಕಣ್ಣ ಬಿಳಿಭಾಗ ಕಾಣುತ್ತಿತ್ತು, ಮೂಗಿನ ಹೊಳ್ಳೆ ಅರಳಿತ್ತು. ಕಾಕಾ ಜೀವಮಾನವೆಲ್ಲ ಮಾಡಿದ ಮರದ ಕುದುರೆಯ ಪಡಿಯಚ್ಚು. ನಮ್ಮೂರಲ್ಲಿ ಓಡುವ ಕುದುರೆಯನ್ನು ಮಾಡುವುದೇ ಹೀಗೆ: ಎತ್ತಿದ ಕಾಲು, ಕೆಂಪು ಹೊಳ್ಳೆ, ಕೆರಳಿದ ಕಣ್ಣು. ತಲೆಮಾರುಗಟ್ಟಲೆ ಬಣ್ಣ ಹಚ್ಚಿದ ಜನ ಜೀವಂತ ಕುದುರೆಯನ್ನೂ ಗೊಂಬೆಗೆ ಹೋಲಿಸಿ ಆರಿಸುತ್ತಾರೆ. ಹಾಗೆ ನಿಂತ ಕುದುರೆ ಹೆದರಿದ ಕುದುರೆ ಎಂದು ಯಾರಿಗೂ ಹೊಳೆಯುವುದಿಲ್ಲ.

"ಕಾಕಾ, ಅದು ಬೆದರೇತಿ."

"ಹೈದ್ರಾಬಾದಿನ್ಯಾಗ ಕುದರೀ ಸಾಲೀನೂ ಕಲ್ತ ಬಂದ್ಯೇನು?"

ಅಗಸಿಯಲ್ಲಿದ್ದವರು ನಕ್ಕರು. ಚರ್ಚೆಯಲ್ಲಿ ಎದುರಾಳಿಗೆ ಉತ್ತರ ಕೊಡಬಹುದು, ನಗುವ ಅಗಸಿಗೆ ಕೊಡಲಾಗದು. ಅಕ್ಕ ಟಾಂಗಾ ಹತ್ತಿದಳು, ಹಿಂದೆ ನಾನು; ಕಾಕಾ ಊರಲ್ಲೇ ಉಳಿದ.

ಊರು ದಾಟುವವರೆಗೆ ಕುದುರೆ ನಿಜಕ್ಕೂ ಹಾರಿತು. ಮುಂದೆ ಹೋಗುತ್ತಿದ್ದ, ಜೋಳದ ದಂಟಿನ ಕಣಿಕೆ ಹೇರಿದ ಎತ್ತಿನ ಗಾಡಿಯನ್ನು ಹಿಂದೆ ಹಾಕಿದೆವು. ಮೊದಲ ಮೈಲಿಗಲ್ಲು ಕಂಡದ್ದೇ ಅದು ಗಕ್ಕನೆ ನಿಂತು, ಹಿಂದಕ್ಕೆ ಸರಿದು, ಗಾಲಿಯನ್ನು ಹೊಲಕ್ಕೆ ಇಳಿಸಿತು. ಕಣಿಕೆಯ ಗಾಡಿ ನಮ್ಮನ್ನು ದಾಟಿತು. ಮತ್ತೆ ಹಾರಾಟ, ಮತ್ತೆ ನಾವು ಮುಂದೆ. ಸೇತುವೆಯ ಕೆಳಗೆ ನೀರು ಮಿನುಗಿದ್ದಕ್ಕೆ ಮತ್ತೆ ಹಿಂದೆ. ಹುಲ್ಲಿನ ಹೊರೆ ಹೊತ್ತ ಹೆಂಗಸರನ್ನು ಕಂಡು ಅಡ್ಡಡ್ಡ ತಿರುಗಿತು. ಕಡೆಗೆ ಆ ಗಾಡಿ ನಮ್ಮ ಕಣ್ಣಿಗೆ ಬೀಳುವುದೇ ನಿಂತುಹೋಯಿತು. ಎತ್ತುಗಳು ಒಮ್ಮೆಯೂ ಓಡಿರಲಿಲ್ಲ.

ನಮಗೆ ಉರ್ದುವಿನಲ್ಲಿ ಗಣಿತ ಕಲಿಸಿದ ಮಾಸ್ತರರು ರಫ್ತಾರ್, ಅಂದರೆ ವೇಗ, ಎಷ್ಟು ಎನ್ನುವುದಷ್ಟೇ ಅಲ್ಲ, ಎತ್ತ ಎನ್ನುವುದನ್ನೂ ಕೇಳಬೇಕು ಎನ್ನುತ್ತಿದ್ದರು. ಎಗರುವುದು, ನಿಲ್ಲುವುದು, ಹಿಂದೆ ಸರಿಯುವುದು, ಮತ್ತೆ ಎಗರುವುದು ವೇಗವಲ್ಲ, ಬರೀ ಹೊಯ್ದಾಟ. ಹೊಯ್ದಾಟ ಹೆಚ್ಚಾದಷ್ಟೂ ಬೆವರು ಹೆಚ್ಚು, ದೂಳು ಹೆಚ್ಚು, ನೋಡುವವರಿಗೆ ಮೆಚ್ಚುಗೆಯೂ ಹೆಚ್ಚು. ದಾರಿ ಮಾತ್ರ ಇದ್ದಲ್ಲೇ ಇರುತ್ತದೆ.

"ಬಿಟ್ರ ಗಾಳಿರೀ ಇದು" ಎಂದರು ಟಾಂಗಾದ ಸಾಬರು, ಹೊಲದಿಂದ ಗಾಲಿ ಎತ್ತುತ್ತ.

"ಗಾಳಿಗೆ ಊರ ಯಾವ್ದು ಸಾಬ್ರ?" ಎಂದಳು ಅಕ್ಕ.

ಸಾಬರು ನಕ್ಕರು. "ನಿಮ್ಮ ಕಾಕಾನೂ ಹೋದ ಸಂತಿಗೆ ಹಿಂಗ ಬೈದ್ರವ್ವಾ. ಅರ್ಧಾ ದಾರ್ಯಾಗ ಇಳದು ನಡಕೊಂತ ಹೋದ್ರು. ಅವರ ಇವತ್ತ ಕರದ್ರಲ್ಲಾ, ನನಗ ಆಶ್ಚರ್ಯ ಆತು."

ನಾವು ಸ್ಟೇಷನ್ನು ಮುಟ್ಟಿದಾಗ ರೈಲಿನ ಹೊಗೆ ಮಾತ್ರ ಇತ್ತು. ಮರುದಿನದ ರೈಲು ಹುಬ್ಬಳ್ಳಿ ಮುಟ್ಟುವುದರೊಳಗೆ ಅಲ್ಲಿ ಬಾಗಿಲು ಮುಚ್ಚಿರುತ್ತಿತ್ತು. ಟ್ರಂಕಿನ ಮೇಲೆ ಕೂತು ಅವಳು ಹಳಿಯನ್ನೇ ನೋಡಿದಳು. ಹಿಂತಿರುಗುವಾಗ ಟಾಂಗಾ ಬೇಡವೆಂದು ನಡೆದಳು. ಟ್ರಂಕು ಹೊತ್ತು ನಾನು ಹಿಂದೆ ನಡೆದೆ.

ಅಕ್ಕ ಈಗಲೂ ಕಿನ್ನಾಳದಲ್ಲೇ ಇದ್ದಾಳೆ, ಗೊಂಬೆಗಳಿಗೆ ಹುಣಸೆಬೀಜದ ಅಂಟು ಅರೆಯುತ್ತಾಳೆ. ಆ ದಿನ ಮನೆ ಮುಟ್ಟಿದಾಗ ಕಾಕಾ ಪಡಸಾಲೆಯಲ್ಲಿ ಕೂತು ಮರದ ಕುದುರೆಯೊಂದಕ್ಕೆ ಕಣ್ಣು ಬರೆಯುತ್ತಿದ್ದ. ತಲೆಯೆತ್ತದೆ, "ರೈಲ ಲಗೂನ ಬಂತೇನು?" ಎಂದ. ಮನೆಯವರು ಇವತ್ತಿಗೂ ಹೇಳುವ ಕಥೆ ಹುಟ್ಟಿದ್ದು ಆಗ, ನಮ್ಮ ಬಾಯಿಂದ ಒಂದು ಮಾತು ಬರುವ ಮೊದಲೇ. ಟ್ರಂಕನ್ನು ಅವನ ಬಣ್ಣದ ಕುಡಿಕೆಗಳ ಪಕ್ಕ ಇಳಿಸಿ ಕೇಳಿದೆ:

"ಆ ಕುದರೀ ನಂಬದ ನೀನ ಅರ್ಧಾ ದಾರ್ಯಾಗ ಇಳದು ನಡದಿದ್ದಿ. ಮತ್ತ ಅಕ್ಕನ್ನ ಅದರ ಹಿಂದ ಯಾಕ ಕುಂದ್ರಿಸಿದಿ ಕಾಕಾ?"