ಮರಿ ಎಂಬ ಮಾತು

ರಕ್ತಪರೀಕ್ಷೆಯ ಪ್ರಯೋಗಾಲಯದ ಕಂಪ್ಯೂಟರ್ ಕೋಣೆಯಲ್ಲಿ ಇಬ್ಬರೇ ಕೆಲಸ ಮಾಡುತ್ತಿದ್ದರು. ವರದಿಗಳನ್ನು ಸಿದ್ಧಪಡಿಸುವ, ಯುನಿಕ್ಸ್ ಯಂತ್ರದ ಪ್ರೋಗ್ರಾಂ ಬರೆದಾಕೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಜೊತೆಗಾರನಿಗೆ ಮೀಸೆ ಎಂದು ಹೆಸರು ಬಿದ್ದಿತ್ತು. ಮೀಸೆ ಬೋಳಿಸಿ ವರ್ಷಗಳಾದರೂ ಹೆಸರು ಹೋಗಿರಲಿಲ್ಲ.

ಯಂತ್ರದಲ್ಲಿ ನಡೆಯುತ್ತಿರುವ ಒಂದೊಂದು ಕೆಲಸವೂ ಒಂದು ಪ್ರೊಸೆಸ್. ಆ ಪ್ರೋಗ್ರಾಮಿನಲ್ಲಿ ಸದಾ ಓಡುತ್ತಿರುವ ಒಂದು ತಾಯಿ ಪ್ರೊಸೆಸ್. ಪ್ರತಿ ವರದಿಗೂ ಅದು ತನ್ನದೇ ಪಡಿಯಚ್ಚಿನಂಥ ಮಗು ಪ್ರೊಸೆಸ್ ಹುಟ್ಟಿಸುತ್ತದೆ. ಮಗು ಕೆಲಸ ಮುಗಿಸಿ ಸಾಯುತ್ತದೆ. ಸಾಯುವಾಗ, ತನ್ನ ಕೆಲಸ ಹೇಗೆ ಮುಗಿಯಿತು ಎಂದು ತಿಳಿಸುವ ಒಂದು ಸಂಖ್ಯೆ ಬಿಟ್ಟುಹೋಗುತ್ತದೆ. ತಾಯಿ ಅದನ್ನು ಕೇಳಿ ಪಡೆಯುವ ತನಕ ಯಂತ್ರ ಆ ಮಗುವನ್ನು ತನ್ನ ಪಟ್ಟಿಯಿಂದ ಅಳಿಸುವುದಿಲ್ಲ.

ಈ ಮಕ್ಕಳಿಗೆ ಅವರಿಬ್ಬರೂ ಮರಿ ಎನ್ನುತ್ತಿದ್ದರು.

"ಅಕ್ಕಾ, ನಿಮ್ಮ ತಾಯಿ ಬೆಕ್ಕಿಗಿಂತ ಜೋರು. ಬೆಳಗ್ಗೆಯಿಂದ ಮರಿ ಹಾಕ್ತಾನೇ ಇದೆ!"

"ಹಾಕ್ಲಿ ಬಿಡೋ, ಸಾಕೋದು ನೀನಲ್ವಲ್ಲ."

ಅಕ್ಕ ತನ್ನ ಮಗಳನ್ನೂ ಮರಿ ಎಂದೇ ಕರೆಯುತ್ತಿದ್ದಳು. ಆರು ವರ್ಷದ ಆ ಹುಡುಗಿ ಜ್ವರದಲ್ಲಿ ತೀರಿಹೋದಾಗ ಅಕ್ಕ ಇದೇ ಕೋಣೆಯಲ್ಲಿದ್ದಳು. ಆಸ್ಪತ್ರೆಯಲ್ಲಿ ಜೊತೆಗಿದ್ದವನು ಗಂಡ. ಕೊನೆಯ ಗಳಿಗೆ ಹೇಗಿತ್ತೆಂದು ಅವಳು ಕೇಳಲಿಲ್ಲ. ಕೇಳದೆ ಅವನು ಹೇಳಲಿಲ್ಲ. ಮನೆಯಲ್ಲಿ ಬಡಿಸಿದೆ, ಬಾಗಿಲು ಹಾಕಿದೆ ಎಂಬಷ್ಟೇ ಮಾತು ಉಳಿದಿತ್ತು. ಕೆಲ ಕಾಲ ಅಣ್ಣನ ಮನೆಯಲ್ಲಿ ಇರುತ್ತೇನೆಂದು ಅವನು ಹೊರಟು ನಿಂತಿದ್ದ.

ಅಕ್ಕ ಕೆಲಸಕ್ಕೆ ಮರಳಿದ ಮೇಲೆ ಮೀಸೆ ಆ ಪದವನ್ನೇ ಬಿಟ್ಟ.

ಒಂದು ಬೆಳಗ್ಗೆ ಅವನು ತಡವರಿಸುತ್ತ, "ಅಕ್ಕಾ, ಅವು... ಉಳ್ಕೊಂಡಿವೆ," ಎಂದ.

"ಯಾವುವು?"

"ಅದೇ, ಕೆಲಸಗಳು."

ಮುಗಿಯದ ಕೆಲಸ ಬಾಕಿ ಇರಬೇಕೆಂದು ಅಕ್ಕ ಸುಮ್ಮನಾದಳು. ಮಧ್ಯಾಹ್ನದ ಹೊತ್ತಿಗೆ ಹೊಸ ವರದಿ ಬರುವುದು ನಿಂತಿತು. ನೋಡಿದರೆ ಪಟ್ಟಿಯ ತುಂಬ ಸತ್ತ ಪ್ರೊಸೆಸ್‌ಗಳೇ. ಹೊಸದೊಂದು ಹುಟ್ಟಲು ಜಾಗವಿಲ್ಲ.

"ಮರಿಗಳು ಸತ್ತಿವೆ ಅಂತ ಹೇಳೋಕೇನಾಗಿತ್ತೋ ನಿಂಗೆ?"

"ಹೇಗೆ ಹೇಳ್ಲಿ ಅಕ್ಕಾ, ಬಾಯಿ ಬರ್ಲಿಲ್ಲ. ನಾನೇ ಕೊಂದು ತೆಗ್ಯೋಣ ಅಂತ ನೋಡ್ದೆ. ಹೋಗ್ಲಿಲ್ಲ."

"ಸತ್ತಿರೋದನ್ನ ಇನ್ನೇನು ಕೊಲ್ತೀಯ? ತಾಯಿ ಕೇಳ್ಬೇಕು. ಅದು ಕೇಳೋವರೆಗೂ..."

ಅವಳು ಅಲ್ಲಿಗೇ ನಿಲ್ಲಿಸಿ ಪ್ರೋಗ್ರಾಂ ತೆರೆದಳು. ತಾಯಿ ಪ್ರತಿ ಮಗುವಿಗೂ ಕಾದು ನಿಂತು ಉಳಿದ ವರದಿಗಳು ತಡವಾಗುತ್ತವೆಂದು, ಕಾಯಲು ಹೇಳುವ ಆ ಸಾಲನ್ನು ಹೋದ ವಾರ ಅವಳೇ ಪ್ರೋಗ್ರಾಮಿನಿಂದ ತೆಗೆದಿದ್ದಳು. ಈಗ, ನಿಂತು ಕಾಯದೆ ಆಗಾಗ ಕೇಳಿ ಹೋಗುವಂತೆ ತಾಯಿಯನ್ನು ತಿದ್ದಿದಳು. ಹಳೆಯ ತಾಯಿಯನ್ನು ನಿಲ್ಲಿಸಿದಳು. ಹೆತ್ತ ಪ್ರೊಸೆಸ್ ಇಲ್ಲದಾದ ಮಕ್ಕಳನ್ನು ಯಂತ್ರ ಶುರುವಾದಾಗಲೇ ಹುಟ್ಟುವ ಮೊದಲ ಪ್ರೊಸೆಸ್ ತನ್ನವೆಂದು ಎತ್ತಿಕೊಂಡು, ಅವು ಬಿಟ್ಟುಹೋದದ್ದನ್ನು ಕೇಳಿ ಪಡೆಯಿತು. ಪಟ್ಟಿ ಖಾಲಿಯಾಯಿತು. ತಿದ್ದಿದ ತಾಯಿಯನ್ನು ಶುರುಮಾಡಿದ ಮೇಲೆ ವರದಿಗಳು ಮತ್ತೆ ಹೊರಟವು.

ಮೀಸೆ ನಿಟ್ಟುಸಿರಿಟ್ಟ. ಅಕ್ಕ ಚಪ್ಪಲಿ ಮೆಟ್ಟಿ ಮನೆಗೆ ನಡೆದಳು.

ಗಂಡ ಮಂಚದ ಮೇಲೆ ಚೀಲ ತೆರೆದಿಟ್ಟು ಅಂಗಿ ಮಡಚುತ್ತಿದ್ದ.

"ರೀ, ಮರಿ ಕೊನೆಗೆ ಏನಂದ್ಳು?"

ಅವನ ಕೈ ಅಂಗಿಯ ಮೇಲೆ ಹಾಗೇ ನಿಂತಿತು.

"ಕಾಲು ಚಳಿ ಅಂದ್ಳು. ಒಂದು ಕಾಲುಚೀಲ ಹಾಕ್ದೆ. ಇನ್ನೊಂದು ಹುಡುಕ್ತಾ ಇದ್ದೆ..."

"ಹುಡುಕೋವಾಗ?"

"ಬೇರೆ ಬಣ್ಣದ್ದಾದ್ರೂ ಪರವಾಗಿಲ್ಲಪ್ಪಾ, ಅಂದ್ಳು. ತಿರುಗಿ ನೋಡೋಷ್ಟ್ರಲ್ಲಿ..."

ಅವನು ಬಿಕ್ಕಿ ಬಿಕ್ಕಿ ಅತ್ತ. ಅಕ್ಕ ಚೀಲವನ್ನು ಸರಿಸಿ ಅವನ ಪಕ್ಕ ಕೂತಳು.

"ಅವತ್ತು ಬೆಳಗ್ಗೆ ಅವಳು ಎದ್ದಲ್ಲಿಂದ ಹೇಳಿ," ಎಂದಳು. "ಎಲ್ಲಾ ಹೇಳಿ."