ನಿನ್ನ ಮರಿ ಅನ್ನುತ್ತಿದ್ದಳು ಅವ್ವ

ನಾನು ಹುಟ್ಟಿ ಬೆಳೆದದ್ದು ಬುಕ್ಕಾಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಮನೆಯ ಹಿತ್ತಲ ಗೋಡೆಗೆ ಅಂಟಿಕೊಂಡೇ ಜಾಲಿಮುಳ್ಳಿನ ಬೇಲಿಯ ರೊಪ್ಪ, ಅದರೊಳಗೆ ಕುರಿಗಳು. ಹುಟ್ಟಿದಾಗಿನಿಂದ ಅವುಗಳ ಮಧ್ಯೆಯೇ ಇದ್ದವಳಿಗೆ ಅವುಗಳ ಮೇಲೆ ತಾನಾಗಿ ಪ್ರೀತಿ ಬಂದಿರಬೇಕು ಅಂತ ಜನ ತಿಳಿಯುತ್ತಾರೆ. ನನಗೆ ಬಂದಿರಲಿಲ್ಲ. ಬೆಳಿಗ್ಗೆ ಎದ್ದು ಹಿಕ್ಕೆ ಗುಡಿಸುವುದು ನನ್ನ ಪಾಲಿನ ಕೆಲಸ. ಎಷ್ಟು ಸೋಪು ಹಚ್ಚಿ ತೊಳೆದರೂ ಕೈಯಲ್ಲಿ, ಜಡೆಯಲ್ಲಿ, ಪುಸ್ತಕದ ಚೀಲದಲ್ಲಿ ಅದೇ ವಾಸನೆ ಉಳಿಯುತ್ತಿತ್ತು. ಕುರಿ ಅಂದರೆ ನನಗೆ ಆ ವಾಸನೆ, ಅಷ್ಟೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಕುರಿ ಈದು, ಮಾರನೇ ದಿನ ಸತ್ತುಹೋಯಿತು. ಉಳಿದದ್ದು ಒಂದು ಹೆಣ್ಣುಮರಿ. ಬೇರೆ ಕುರಿಗಳು ಅದನ್ನು ಹತ್ತಿರ ಬಿಟ್ಟುಕೊಳ್ಳದೆ ಗುಮ್ಮಿ ಓಡಿಸಿದವು. ಅವ್ವ ಆ ಮರಿಯನ್ನು ತಂದು ನನ್ನ ಮಡಿಲಿಗೆ ಹಾಕಿದಳು.

"ಇಕಾ, ಇದು ನಿಂದು. ಬಾಟ್ಲೀಲಿ ಹಾಲು ಕುಡ್ಸು. ನಂಗೆ ಪುರ್ಸೊತ್ತಿಲ್ಲ."

"ಓದೋದೈತೆ ಕಣವ್ವ."

"ಓದ್ತಾನೇ ಕುಡ್ಸು. ಅದೇನು ನಿನ್ ಪುಸ್ತ್ಕ ಕಿತ್ಕಂತದಾ?"

ಮೊದಮೊದಲು ಬೈದುಕೊಂಡೇ ಕುಡಿಸಿದೆ. ಒಂದು ಕೈಯಲ್ಲಿ ಸಮಾಜ ಪುಸ್ತಕ, ಇನ್ನೊಂದು ಕೈಯಲ್ಲಿ ಬಾಟಲಿ. ಅದು ಕುಡಿಯುವಾಗ ಬಾಲವನ್ನು ಪಟಪಟ ಅಲ್ಲಾಡಿಸುತ್ತಿತ್ತು. ಹಾಲು ಮುಗಿದ ಮೇಲೂ ನನ್ನ ಬೆರಳು ಚೀಪುತ್ತಾ ಅಲ್ಲೇ ನಿದ್ದೆ ಹೋಗುತ್ತಿತ್ತು. ಹತ್ತು ದಿನ ಕಳೆದಿರಬೇಕು, ಸ್ಕೂಲಿನಲ್ಲಿ ಕೂತಾಗ ಮಧ್ಯಾಹ್ನದ ಹಾಲು ಅವ್ವ ಕುಡಿಸಿದಳೋ ಇಲ್ಲವೋ ಎಂಬ ಯೋಚನೆ ಬರತೊಡಗಿತು. ಸಂಜೆ ಬಸ್ಸಿಳಿದವಳು ಓಡಿಕೊಂಡು ಮನೆಗೆ ಹೋಗುತ್ತಿದ್ದೆ. ಇದು ಪ್ರೀತಿ ಅಂತ ಆಗ ನನಗೆ ಹೊಳೆಯಲಿಲ್ಲ. ಹಾಲು ಕುಡಿಸಿ ಕುಡಿಸಿ ಅಭ್ಯಾಸವಾಗಿಬಿಟ್ಟಿದೆ ಅಂದುಕೊಂಡಿದ್ದೆ.

ಅದೇ ವರ್ಷ ನಮ್ಮ ಕ್ಲಾಸಿಗೆ ಒಬ್ಬಳು ಹೊಸ ಹುಡುಗಿ ಬಂದಳು. ನಮ್ಮೂರ ಪಕ್ಕದ ತೋಟದ ಮನೆಯವಳು, ಚೆನ್ನಾಗಿ ಓದುವವಳು. ಅವಳ ಪಕ್ಕ ಕೂರಬೇಕು ಅನ್ನುವುದು ನನ್ನ ದೊಡ್ಡ ಆಸೆಯಾಗಿತ್ತು. ಒಂದು ದಿನ ಕೂತೆ. ಅವಳು ಮೂಗಿನ ಹತ್ತಿರ ಕರವಸ್ತ್ರ ಹಿಡಿದು, ಯಾರ ಕಡೆಯೂ ನೋಡದೆ, "ಏನೋ ವಾಸ್ನೆ ಬರ್ತೈತೆ ಅಲ್ವಾ?" ಅಂದಳು. ಹಿಂದಿನ ಬೆಂಚಿನವರು ನಕ್ಕರು. ಆವತ್ತಿನಿಂದ ನಾನು ಮರಿಯನ್ನು ಮಡಿಲಿಗೆ ಹಾಕಿಕೊಳ್ಳುವುದು ಬಿಟ್ಟೆ. ದೂರ ನಿಂತು, ಕೈ ಚಾಚಿ ಬಾಟಲಿ ಹಿಡಿಯುತ್ತಿದ್ದೆ. ಅದಕ್ಕೆ ಏನೂ ತಿಳಿಯದು. ನುಗ್ಗಿಕೊಂಡು ನನ್ನ ಕಾಲಿಗೇ ಒರಗುತ್ತಿತ್ತು.

ಪರೀಕ್ಷೆ ಶುರುವಾಗುವ ದಿನ ಬೆಳಿಗ್ಗೆ ನಾನು ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. ಆ ಹುಡುಗಿಯೂ ಇದ್ದಳು, ಇನ್ನೂ ನಾಲ್ಕೈದು ಜನರಿದ್ದರು. ರೊಪ್ಪದ ಬಾಗಿಲು ಯಾರು ಸರಿಯಾಗಿ ಮುಚ್ಚಿರಲಿಲ್ಲವೋ ಏನೋ, ಮರಿ ಅರಚುತ್ತಾ ಓಡಿಬಂದು ಎಲ್ಲರ ಎದುರಿಗೆ ನನ್ನ ಯೂನಿಫಾರಂ ಲಂಗದೊಳಗೆ ಮೂತಿ ತೂರಿಸಿತು.

"ಅಯ್ಯೋ, ಇವ್ಳ ಮಗು ಬಂತು ನೋಡ್ರೇ!" ಅಂದಳು ಒಬ್ಬಳು.

ಕಾಲಿನಿಂದ ತಳ್ಳಿದೆ. ಮತ್ತೆ ಬಂತು. ಒಂದು ಸಣ್ಣ ಕಲ್ಲು ತೆಗೆದು ಎಸೆದೆ. ನನ್ನ ಕೈ ಎದ್ದದ್ದನ್ನು ನೋಡಿ, ಬಾಟಲಿ ಅಂದುಕೊಂಡಿತೋ ಏನೋ, ಬಾಲ ಅಲ್ಲಾಡಿಸುತ್ತಾ ಇನ್ನೂ ಜೋರಾಗಿ ಬಂತು. ಎಲ್ಲರೂ ನಗುತ್ತಿದ್ದರು. ರಸ್ತೆ ಪಕ್ಕ ರಿಪೇರಿಗೆ ರಾಶಿ ಹಾಕಿದ್ದ ಜಲ್ಲಿಯಲ್ಲಿ ದೊಡ್ಡದೊಂದು ಕಲ್ಲು ಕೈಗೆ ಸಿಕ್ಕಿತು. ಅದನ್ನು ಪೂರ್ತಿ ಸಿಟ್ಟಿನಿಂದ ಬೀಸಿದೆ. ಮರಿಯ ಮುಂಗಾಲಿಗೆ ಬಿತ್ತು. ಅದು ಒಂದೇ ಸಲ ಅರಚಿ ಕುಸಿಯಿತು. ನಗು ನಿಂತುಹೋಯಿತು. ಆಗಲೇ ಬಸ್ಸು ಬಂತು. ನಾನು ಹತ್ತಿದೆ.

ಈ ಮೂರು ಅಕ್ಷರಗಳನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಹೌದು, ಹತ್ತಿದೆ. ಹಿಂದಿನ ಗಾಜಿನಲ್ಲಿ ತಿರುಗಿಯೂ ನೋಡಲಿಲ್ಲ.

ಸಂಜೆ ಮನೆಗೆ ಬಂದಾಗ ಅವ್ವ ಜಗಲಿಯ ಮೇಲೆ ಕೂತು ಮರಿಯ ಕಾಲಿಗೆ ಬಿದಿರ ದಬ್ಬೆ ಇಟ್ಟು ಬಟ್ಟೆ ಸುತ್ತುತ್ತಿದ್ದಳು. ಉದ್ದಿನ ಹಿಟ್ಟಿಗೆ ಮೊಟ್ಟೆಯ ಲೋಳೆ ಕಲಸಿ ಬಟ್ಟೆಗೆ ಬಳಿದಿದ್ದಳು, ಒಣಗಿದರೆ ಗಟ್ಟಿಯಾಗಲಿ ಅಂತ. "ಏನಾಯ್ತು?" ಅಂದೆ. ನನ್ನ ದನಿ ನನಗೇ ಸುಳ್ಳಾಗಿ ಕೇಳಿಸಿತು. ಅವ್ವ ತಲೆ ಎತ್ತಲಿಲ್ಲ.

"ನೀನೇ ಹೇಳು."

ನನಗೆ ಅಳು ಬರುವ ಬದಲು ರೋಷ ಬಂತು. "ಹೌದು, ನಾನೇ ಹೊಡ್ದೆ. ನೀವೇನು ಮುದ್ದಾಡ್ತೀರಾ? ಶಿರಾ ಸಂತೇಲಿ ಕಟುಕರಿಗೇ ತಾನೆ ಮಾರಾದು?" ಅಂದೆ.

ಅವ್ವ ಗಂಟು ಹಾಕುವುದನ್ನು ಮುಗಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಮಾರ್ತೀನಿ ಕಣೆ. ನೀರು ಕುಡ್ಸಿ, ಮೈ ಸವ್ರಿ ಮಾರ್ತೀನಿ. ನಿಮ್ಮೊಟ್ಟೆ ತುಂಬ್ಬೇಕಲ್ಲ, ಅದ್ಕೆ ಮಾರ್ತೀನಿ. ನೀನ್ಯಾಕೆ ಹೊಡ್ದೆ, ಅದ್ನೇಳು."

ನಾನು ಪುಸ್ತಕದ ಚೀಲ ಎತ್ತಿಕೊಂಡು ಒಳಗೆ ಹೋದೆ. ಅವ್ವ ಮತ್ತೆ ಕೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ.

ಕಾಲು ಕೂಡಿಕೊಂಡಿತು, ಆದರೆ ಸೊಟ್ಟಗೆ. ಮರಿ ಬೆಳೆದು ಕುರಿಯಾಯಿತು, ಹಿಂಡಿನ ಕೊನೆಯಲ್ಲಿ ಮೂರು ಕಾಲಿನ ಮೇಲೆ ಭಾರ ಹಾಕಿ ನಡೆಯುತ್ತಿತ್ತು. ಅಪ್ಪ ಎರಡು ಮೂರು ಸಲ ಮಾರೋಣ ಅಂದ. "ಅದು ನಮ್ದಲ್ಲ, ಅವ್ಳುದು," ಅಂತ ಅವ್ವ ಬಿಡಲಿಲ್ಲ. ಊರವರು ಅದನ್ನು ಕುಂಟಿ ಅನ್ನುತ್ತಿದ್ದರು. ಅವ್ವ ಮಾತ್ರ ಒಮ್ಮೆಯೂ ಆ ಮಾತು ಆಡಲಿಲ್ಲ. ಅದು ನಾಲ್ಕು ಸಲ ಈದ ಮೇಲೂ ಅವಳ ಬಾಯಲ್ಲಿ ಅದು "ನಿನ್ನ ಮರಿ"ಯೇ. ನಾನು ಕಾಲೇಜಿಗೆ ಹೋದಾಗ, ಮದುವೆಯಾಗಿ ಮಧುಗಿರಿಗೆ ಬಂದಾಗ, ಫೋನಿನಲ್ಲಿ ಎಲ್ಲ ಸುದ್ದಿ ಮುಗಿದ ಮೇಲೆ, "ನಿನ್ ಮರಿ ಚೆನ್ನಾಗೈತೆ" ಅನ್ನುತ್ತಿದ್ದಳು. ಚುಚ್ಚಿ ಹೇಳುತ್ತಾಳೆ ಅಂತ ಮೊದಲು ಅನ್ನಿಸುತ್ತಿತ್ತು. ಹಾಗಿರಲಿಲ್ಲ. ನನಗೆ ತಿಳಿಯಬೇಕಾದ ಸುದ್ದಿ ಅಂತ ಹೇಳುತ್ತಿದ್ದಳು, ಅಷ್ಟೆ.

ಆದರೆ ಆ ಕುರಿ ಮತ್ತೆ ಎಂದೂ ನನ್ನ ಹತ್ತಿರ ಬರಲಿಲ್ಲ. ಊರಿಗೆ ಹೋದಾಗಲೆಲ್ಲ ಜಾಲಿಕಾಯಿ ಆರಿಸಿಕೊಂಡು ರೊಪ್ಪಕ್ಕೆ ಹೋಗುತ್ತಿದ್ದೆ. ಉಳಿದವು ಮುಗಿಬೀಳುತ್ತಿದ್ದವು. ಅದು ದೂರದ ಮೂಲೆಗೆ ಸರಿದು, ನಾನು ಹೊರಗೆ ಬರುವವರೆಗೂ ನನ್ನ ಕೈಯನ್ನೇ ನೋಡುತ್ತಿತ್ತು. ಮುಖವನ್ನಲ್ಲ, ಕೈಯನ್ನು.

ಮಗಳು ಹುಟ್ಟಿದಾಗ ಬಾಣಂತನಕ್ಕೆ ತವರಿಗೆ ಹೋದೆ. ಆ ವರ್ಷ ಮಳೆ ಚೆನ್ನಾಗಿ ಬಂದಿತ್ತು. ಹುಲ್ಲು ಎದ್ದಿತ್ತು, ಅಪ್ಪ ಖುಷಿಯಾಗಿದ್ದ. ಆ ತೇವದಲ್ಲೇ ನೊಣ ಹೆಚ್ಚಾಗಿ ನೀಲಿ ನಾಲಿಗೆ ರೋಗ ಬಂತು. ಮೂತಿ ಬಾತು, ನಾಲಿಗೆ ಕಪ್ಪುನೀಲಿಯಾಗಿ, ಬಾಯಿಗೆ ಮೇವು ಇಟ್ಟರೂ ಅಗಿಯಲಾಗದೆ ಕುರಿಗಳು ನಿಂತಲ್ಲೇ ನಿಂತವು. ದನದ ಡಾಕ್ಟರು ದಿನಾ ಬಂದು ಸೂಜಿ ಹಾಕಿದರು. "ಗಂಜಿ ಕುಡಿಸ್ತಾ ಇರಿ, ನಾಲ್ಕು ದಿನ ತಡ್ಕೊಂಡ್ರೆ ಬದುಕ್ತವೆ," ಅಂದರು. ಅವ್ವ ದೊಡ್ಡ ಪಾತ್ರೆಯಲ್ಲಿ ತೆಳ್ಳಗೆ ರಾಗಿ ಗಂಜಿ ಕಾಯಿಸಿ, ಒಂದೊಂದರ ಬಾಯಿಗೂ ಬಿದಿರ ಗೊಟ್ಟದಲ್ಲಿ ಹೊಯ್ಯತೊಡಗಿದಳು. ಅಪ್ಪ ಸತ್ತವನ್ನು ಹೊತ್ತು ಗುಂಡಿಗೆ ಹಾಕಿ ಸುಣ್ಣ ಚೆಲ್ಲುತ್ತಿದ್ದ. ಇಬ್ಬರಿಗೂ ಕೈ ಸಾಲದು.

ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ನಾನೂ ರೊಪ್ಪಕ್ಕೆ ಹೋದೆ.

"ಬಾಣ್ತಿ ಇಲ್ಗ್ಯಾಕೆ ಬಂದೆ? ಒಳೀಕೋಗು!" ಅವ್ವ ಕೂಗಿದಳು.

"ಒಂದಕ್ಕಾದ್ರೂ ಕುಡುಸ್ತೀನಿ ಬುಡವ್ವ."

ಅವಳು ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ಗೊಟ್ಟ ಕೈಗೆ ಕೊಟ್ಟು ಮೂಲೆ ತೋರಿಸಿದಳು. "ನಿನ್ ಮರಿ ಅಲ್ಲೈತೆ."

ವಯಸ್ಸಾಗಿತ್ತು ಅದಕ್ಕೆ. ಹಲ್ಲು ಉದುರಿದ್ದವು. ನಾನು ಹತ್ತಿರ ಕೂತಾಗ ಮುಂಗಾಲು ಊರಿ ಏಳಲು ನೋಡಿತು. ಆಗಲಿಲ್ಲ. ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ದವಡೆ ಹಿಡಿದು, ಸ್ವಲ್ಪ ಸ್ವಲ್ಪವೇ ಗಂಜಿ ಹೊಯ್ದೆ. ಅರ್ಧ ಹೊರಗೆ ಚೆಲ್ಲಿತು, ಅರ್ಧ ನುಂಗಿತು. ಅದರ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡುತ್ತಿದ್ದಂತೆ ನನ್ನ ಎದೆಹಾಲು ಇಳಿದು ರವಿಕೆ ಒದ್ದೆಯಾಯಿತು. ಒಳಗೆ ಮಗು ಅಳುತ್ತಿರಲಿಲ್ಲ. ನಾಚಿಕೆಯಾಗಲಿಲ್ಲ. ಸೆರಗು ಸರಿಮಾಡಿಕೊಳ್ಳಲೂ ಇಲ್ಲ.

ಮೂರು ದಿನ ಹೀಗೆ ಕುಡಿಸಿದೆ. ಕೊನೆಗೆ ಅದು ನನ್ನ ಹತ್ತಿರ ಬಂತು, ನನ್ನನ್ನು ಕ್ಷಮಿಸಿತು ಅಂತ ಬರೆದುಕೊಳ್ಳಲು ಆಸೆಯಾಗುತ್ತದೆ. ಹಾಗೆ ಬರೆಯಲಾರೆ. ಅದಕ್ಕೆ ಎದ್ದು ಹೋಗಲು ಆಗುತ್ತಿರಲಿಲ್ಲ, ಅಷ್ಟೇ ನಿಜ. ಕೈ ಹತ್ತಿರ ಬಂದಾಗಲೆಲ್ಲ ಕಣ್ಣು ಮುಚ್ಚಿ ಬಿಗಿಯುತ್ತಿತ್ತು. ನಾಲ್ಕನೇ ದಿನ ಬೆಳಿಗ್ಗೆ ನಾನು ಗಂಜಿ ಹಿಡಿದು ಹೋದಾಗ ಮೈ ತಣ್ಣಗಾಗಿತ್ತು. ಅಪ್ಪ ಎತ್ತಲು ಬಂದ. "ನಾನೂ ಹಿಡೀತೀನಿ" ಅಂದೆ. ಇಬ್ಬರೂ ಹೊತ್ತುಕೊಂಡು ಹೋದೆವು. ಸುಣ್ಣ ನಾನೇ ಹಾಕಿದೆ.

ಹಿಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಅವ್ವ ಒಂದಕ್ಕೂ ಅಳಲಿಲ್ಲ. ಗುಂಡಿ ಮುಚ್ಚಿದ ದಿನ ಸ್ನಾನ ಮಾಡಿ, ಮುದ್ದೆ ತಿರುವಿ, ನಮಗೆಲ್ಲ ಬಡಿಸಿದಳು. ತಾನೂ ತಟ್ಟೆ ಇಟ್ಟುಕೊಂಡಳು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿದ ಕೈ ಹಾಗೇ ನಿಂತಿತು. ತಟ್ಟೆ ಸರಿಸಿ ಎದ್ದಳು.

ಉಳಿದವನ್ನು ಅಪ್ಪ ನೆಂಟರ ಹಿಂಡಿಗೆ ಸೇರಿಸಿಬಿಟ್ಟ. ಈಗ ಅವನು ಪಾವಗಡದ ಕಡೆ ಒಂದು ಸೋಲಾರ್ ಪ್ಲಾಂಟಿನಲ್ಲಿ ವಾಚ್‌ಮನ್ ಆಗಿದ್ದಾನೆ. ಅವ್ವ ಹೆಚ್ಚಾಗಿ ನಮ್ಮ ಮಧುಗಿರಿ ಮನೆಯಲ್ಲಿರುತ್ತಾಳೆ. ಮತ್ತೆ ನಾಲ್ಕು ಮರಿ ಕಟ್ಟೋಣ ಅಂತ ಅಪ್ಪ ಎಷ್ಟು ಸಲ ಕೇಳಿದರೂ ಅವಳು ಒಪ್ಪಲಿಲ್ಲ. ಒಂದು ಸಲ ನನ್ನ ಮಗಳು ಸ್ಕೂಲಿನಿಂದ ಮೊಸರಿನ ಡಬ್ಬಿಯಲ್ಲಿ ಒಂದು ಮೆಣಸಿನ ಸಸಿ ತಂದು ಅಜ್ಜಿಯ ಕೈಗೆ ಕೊಟ್ಟಳು. "ನಂಗ್ಬ್ಯಾಡ ಕಣವ್ವ. ಅದ್ಕೂ ದಿನಾ ನೀರು ಆಕ್ಬೇಕು, ದಿನಾ ನೋಡ್ಬೇಕು," ಅಂತ ಅವ್ವ ತಿರುಗಿ ಕೊಟ್ಟುಬಿಟ್ಟಳು. ಮಗು ಮುಖ ಸಣ್ಣದು ಮಾಡಿಕೊಂಡು ನಿಂತಿತು. ಒಂದು ಕಾಲದಲ್ಲಿ ಅಷ್ಟು ಕುರಿಗಳ ಕೆಮ್ಮನ್ನೂ ಬೇರೆಬೇರೆಯಾಗಿ ಗುರುತಿಸುತ್ತಿದ್ದವಳು ಇವಳೇನಾ ಅಂತ ನಾನೂ ನಿಂತೆ.

ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ನಾವು ಮೂವರೂ ಒಂದು ಶುಕ್ರವಾರ ಗೊರವನಹಳ್ಳಿ ದೇವಸ್ಥಾನಕ್ಕೆ ಹೊರಟೆವು. ಕೊರಟಗೆರೆ ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆ ತುಂಬ ಕುರಿ. ಡ್ರೈವರ್ ಹಾರ್ನ್ ಹೊಡೆದು ಹೊಡೆದು ಸಾಕಾಗಿ ಬಸ್ಸು ನಿಲ್ಲಿಸಿದ. ಅವ್ವ ಕಿಟಕಿಯಾಚೆ ಸುಮ್ಮನೆ ನೋಡುತ್ತಿದ್ದಳು. ಹಿಂಡು ಅರ್ಧ ದಾಟಿತ್ತು. ಇದ್ದಕ್ಕಿದ್ದಂತೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕುರಿಯವನನ್ನು ಕೂಗಿದಳು.

"ಅಣ್ಣಾ, ಆ ಕರೀದು ಇವತ್ತೇ ಈಯ್ತದೆ. ನಡೆಸ್ಬ್ಯಾಡ, ನೆಳ್ಳಾಗೆ ನಿಲ್ಸು!"

ಅವನು ಪಾವಗಡದ ಕಡೆಯವನಿರಬೇಕು, ಮಾತಿನಲ್ಲಿ ತೆಲುಗು ಬೆರೆತಿತ್ತು. ತಿರುಗಿ ನಕ್ಕು, "ಅವುನಕ್ಕಾ, ನಂಗೂ ಅಂಗೇ ಅನ್ನಿಸ್ತೈತೆ. ನಿಮ್ದೂ ಕುರಿ ಐತಾ?" ಅಂದ.

ಅವ್ವ ಬಾಯಿ ತೆರೆದಳು. ಅಷ್ಟರಲ್ಲಿ ಬಸ್ಸು ಹೊರಟಿತು. ಅವನಿಗೆ ಕೇಳಿಸುವಂತೆ ಏನೂ ಹೇಳಲಾಗಲಿಲ್ಲ. ಸೀಟಿಗೆ ಒರಗಿ, ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು, ಕೊರಟಗೆರೆ ಬರುವವರೆಗೂ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಮಗಳು ಗಾಬರಿಯಿಂದ ನನ್ನ ಮುಖ ನೋಡಿದಳು. ನಾನು ಅವ್ವನನ್ನು ಸಮಾಧಾನ ಮಾಡಲಿಲ್ಲ. ಅಳಲಿ ಅಂತ ಬಿಟ್ಟೆ.